ಕಲ್ಲಿನಲ್ಲಿ ಉಳಿದ ಹೆಸರುಗಳು: ಹೊಯ್ಸಳ ನಾಡಿನ ಅರಸಿಯರು ಮತ್ತು ದಂಡನಾಯಕಿತಿಯರು

ನಮ್ಮ ಬಿಕ್ಕೋಡು ಹೋಬಳಿಯ ಮಕ್ಕಳಿಗೆ ಹೊಯ್ಸಳರ ಇತಿಹಾಸ ದೂರದ ವಿಷಯವಲ್ಲ. ಬೇಲೂರಿನ ದೇವಸ್ಥಾನ ನಮಗೆ ಪ್ರವಾಸಿ ತಾಣಕ್ಕಿಂತ ಹೆಚ್ಚಾಗಿ ರಥೋತ್ಸವಕ್ಕೆ ಹೋಗುವ ಊರು, ಸಂತೆ ಮತ್ತು ತಾಲ್ಲೂಕು ಕಚೇರಿಯ ಊರು. ಹಳೇಬೀಡು ಅದರಾಚೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಅಂದರೆ ಇಂದಿನ ಅಂಗಡಿ, ಪಕ್ಕದ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಇಷ್ಟು ಹತ್ತಿರವಿದ್ದರೂ ಆ ಕಾಲದ ಜನರಲ್ಲಿ ನಮಗೆ ಗೊತ್ತಿರುವ ಹೆಸರುಗಳು ನಾಲ್ಕೈದು ಮಾತ್ರ: ಸಳ, ವಿಷ್ಣುವರ್ಧನ, ಇಮ್ಮಡಿ ಬಲ್ಲಾಳ, ಶಿಲ್ಪಿಯಾಗಿ ಜಕಣಾಚಾರಿ. ಹೆಂಗಸರಲ್ಲಿ ಶಾಂತಲೆ ಒಬ್ಬಳೇ. ಅವಳೂ ನಾಟ್ಯರಾಣಿಯಾಗಿ ಮಾತ್ರ.

ಸಮಾಜ ವಿಜ್ಞಾನ ಪಾಠ ಮಾಡುವ ನಾನು ಮಕ್ಕಳನ್ನು ಹಲವು ಸಲ ಬೇಲೂರಿಗೆ ಕರೆದುಕೊಂಡು ಹೋಗಿದ್ದೇನೆ. ಅಂಥ ಒಂದು ಸಲ, ಮದನಿಕೆಯರ ಕೆಳಗೆ ನಿಂತು ವಿವರ ಕೇಳುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ಶಾಂತಲೆ ಡಾನ್ಸ್ ಬಿಟ್ಟು ಬೇರೆ ಏನು ಮಾಡ್ತಿದ್ದಳು?" ಎಂದು ಕೇಳಿದಳು. ಉಳಿದ ಮಕ್ಕಳು ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ನಮ್ಮ ಜಿಲ್ಲೆಯ ಶಾಸನಗಳು ಅದಕ್ಕೆ ಬಹಳ ಸ್ಪಷ್ಟವಾದ ಉತ್ತರ ಕೊಡುತ್ತವೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಉತ್ತರವನ್ನು ಬರೆದಿಡುವುದು ಉಚಿತವೆಂದು ನನಗೆ ತೋರಿತು.

ಶಾಸನ ಎಂಬ ದಾಖಲೆ

ಮೊದಲಿಗೆ ವಿದ್ಯಾರ್ಥಿಗಳು ಒಂದು ಸಂಗತಿ ತಿಳಿದಿರಬೇಕು. ಹೊಯ್ಸಳರ ಕಾಲದ ಶಾಸನ ಎಂದರೆ ಹೊಗಳಿಕೆಯ ಪದ್ಯ ಮಾತ್ರವಲ್ಲ, ಅದು ಇಂದಿನ ನೋಂದಾಯಿತ ಪತ್ರದಂಥ ದಾಖಲೆ. ಮೊದಲು ದೇವರ ಸ್ತುತಿ, ನಂತರ ಅರಸನ ವಂಶಾವಳಿ, ಆಮೇಲೆ ದಾನ ಕೊಟ್ಟವರ ವಂಶ ಮತ್ತು ಗುಣ ಬರುತ್ತವೆ. ಬಳಿಕ ಕಾಲ, ಕೊಟ್ಟ ಊರು ಅಥವಾ ಗದ್ದೆ, ಅದರ ನಾಲ್ಕು ದಿಕ್ಕಿನ ಎಲ್ಲೆ, ದಾನ ಪಡೆದ ಗುರುವಿನ ಹೆಸರು. ಕಡೆಯಲ್ಲಿ ಇದನ್ನು ಕೆಡಿಸಿದವರಿಗೆ ಶಾಪ. ಕಾಲವನ್ನು ಶಕ ವರ್ಷದಲ್ಲಿ ಹೇಳಿರುತ್ತಾರೆ. ಅದಕ್ಕೆ 78 ಕೂಡಿಸಿದರೆ ನಮ್ಮ ಲೆಕ್ಕದ ಇಸವಿ ಸಿಗುತ್ತದೆ. ಶಕ 1039 ಎಂದರೆ 1117, ಶಕ 1053 ಎಂದರೆ 1131.

ಬಿ.ಎಲ್. ರೈಸ್ ಅವರು ಇಂಥ ಸಾವಿರಾರು ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹಾಸನ ಜಿಲ್ಲೆಯ ಐದನೆಯ ಸಂಪುಟ 1902ರಲ್ಲಿ ಬಂತು. ಶ್ರವಣಬೆಳಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಹೊರತಂದರು. ಈ ಸಂಪುಟಗಳನ್ನು ತಿರುವಿ ಹಾಕಿದಾಗ ನನಗೆ ಎದ್ದು ಕಂಡದ್ದು ದಾನ ಕೊಟ್ಟವರ ಸಾಲಿನಲ್ಲಿರುವ ಹೆಂಗಸರ ಹೆಸರು. ರಾಣಿಯರು, ದಂಡನಾಯಕರ ತಾಯಂದಿರು, ಮಂತ್ರಿಗಳ ಹೆಂಡಂದಿರು, ವ್ಯಾಪಾರಿಯ ಮಡದಿ, ಹೀಗೆ ಒಬ್ಬರಾದ ಮೇಲೊಬ್ಬರು ಬರುತ್ತಾರೆ.

ಮನೆತನಗಳನ್ನು ಕಟ್ಟಿದ ರಾಣಿಯರು

ಹೊಯ್ಸಳರು ಮಲೆನಾಡಿನ ಸಣ್ಣ ನಾಯಕರಾಗಿ ಹೊರಟವರು. ಅವರು ದೊಡ್ಡ ಅರಸರಾಗಬೇಕಾದರೆ ನಂಬಿಕೆಯ ಸೇನಾನಿಗಳ ಮನೆತನಗಳು ಬೇಕಿತ್ತು. ಅಂಥ ಒಂದು ಮನೆತನ ಸಿಂದಗೆರೆಯ ದಂಡನಾಯಕ ಮರಿಯಾನೆಯದು. ವಿನಯಾದಿತ್ಯನ ರಾಣಿ ಕೆಳೆಯಬ್ಬರಸಿ ಈ ಮರಿಯಾನೆಯನ್ನು ತಮ್ಮನೆಂದು ಭಾವಿಸಿ, ದೇಕವ್ವೆಯನ್ನು ಅವನಿಗೆ ಧಾರೆಯೆರೆಸಿಕೊಟ್ಟು, ಸಿಂದಗೆರೆಯ ಒಡೆತನ ಸಿಗುವಂತೆ ಮಾಡಿದಳು ಎಂದು ಶಾಸನ ಹೇಳುತ್ತದೆ. ಇದು ಹೊರನೋಟಕ್ಕೆ ಮದುವೆಯ ಸುದ್ದಿ. ಒಳಗೆ ನೋಡಿದರೆ ರಾಜಕೀಯ. ಸೇನಾನಿಯನ್ನು ಅರಮನೆಯ ನೆಂಟನಾಗಿ ಮಾಡಿಕೊಂಡವಳು ರಾಣಿ.

ಆ ನೆಂಟಸ್ತಿಕೆ ಮುಂದಿನ ತಲೆಮಾರುಗಳಲ್ಲಿ ಫಲ ಕೊಟ್ಟಿತು. 1103ರಲ್ಲಿ ಒಂದನೆಯ ಬಲ್ಲಾಳನು ಅದೇ ಮನೆತನದ ಇನ್ನೊಬ್ಬ ಮರಿಯಾನೆಯ ಮೂವರು ಹೆಣ್ಣುಮಕ್ಕಳಾದ ಪದ್ಮಲದೇವಿ, ಚಾಮಲದೇವಿ, ಬೊಪ್ಪದೇವಿಯರನ್ನು ಒಂದೇ ಹಂದರದಲ್ಲಿ ಮದುವೆಯಾದನು. ಅವರು ಶಾಸ್ತ್ರ, ಗೀತ, ನೃತ್ಯಗಳಲ್ಲಿ ಪಳಗಿದವರೆಂದು ಹೇಳಿದೆ. ಆ ಹೆಣ್ಣುಮಕ್ಕಳನ್ನು ಸಾಕಿದ್ದಕ್ಕೆ ಹಾಲಿನ ಋಣವೆಂದು ಸಿಂದಗೆರೆಯನ್ನು ಮತ್ತೆ ಆ ಮನೆತನಕ್ಕೆ ಬಿಟ್ಟುಕೊಟ್ಟರು. ಒಂದನೆಯ ಬಲ್ಲಾಳ, ವಿಷ್ಣುವರ್ಧನ, ಉದಯಾದಿತ್ಯ ಈ ಮೂವರ ತಾಯಿ, ಎರೆಯಂಗನ ರಾಣಿ ಏಚಲದೇವಿಯನ್ನೂ ಇಲ್ಲಿ ನೆನೆಯಬೇಕು.

ಪಟ್ಟಮಹಾದೇವಿ ಶಾಂತಲೆ

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಶಾಂತಲದೇವಿಯ ತಂದೆ ಪೆರ್ಗಡೆ ಮಾರಸಿಂಗಯ್ಯ, ಶಿವಭಕ್ತ. ತಾಯಿ ಮಾಚಿಕಬ್ಬೆ, ಜಿನಭಕ್ತೆ. ಮಗಳು ತಾಯಿಯ ಧರ್ಮ ಹಿಡಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಅವಳ ಗುರುಗಳು. ಗಂಡ ವಿಷ್ಣುವರ್ಧನ ವೈಷ್ಣವನಾದನೆಂಬುದು ನಾವೆಲ್ಲ ಓದಿದ ಕಥೆ. ಅವನು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿದಾಗ, ಅದೇ ಆವರಣದಲ್ಲಿ ಶಾಂತಲೆ ತಾನೂ ಒಂದು ಕೇಶವನನ್ನು ನಿಲ್ಲಿಸಿದಳು. ಅದೇ ನಾವು ಕಪ್ಪೆ ಚನ್ನಿಗರಾಯ ಎನ್ನುವ ದೇವರು. ದೊಡ್ಡ ಗುಡಿ ನೋಡಿ ಬರುವವರಲ್ಲಿ ಹೆಚ್ಚಿನವರು ಈ ಗುಡಿಯ ಮುಂದೆ ನಿಲ್ಲುವುದಿಲ್ಲ. ನಮ್ಮ ಮಕ್ಕಳಾದರೂ ನಿಲ್ಲಬೇಕು. ಜೈನ ರಾಣಿಯೊಬ್ಬಳು ನಿಲ್ಲಿಸಿದ ವಿಷ್ಣು ಅದು.

ಅದಾಗಿ ಆರು ವರ್ಷಕ್ಕೆ, 1123ರಲ್ಲಿ, ಅವಳು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನ ಬಸದಿ ಕಟ್ಟಿಸಿದಳು. ಅರಸನ ಒಪ್ಪಿಗೆ ಪಡೆದು, ಅದರ ಪೂಜೆಗೂ ಮುನಿಗಳ ಆಹಾರದಾನಕ್ಕೂ ಮೊಟ್ಟೆನವಿಲೆ ಎಂಬ ಊರನ್ನು ಗುರುಗಳಿಗೆ ಧಾರೆಯೆರೆದು ಕೊಟ್ಟಳು. ಗಂಡ ಬೇರೆ ದೇವರನ್ನು ಕುಲದೇವರೆಂದು ಹಿಡಿದಿದ್ದಾಗ ತನ್ನ ಧರ್ಮವನ್ನು ತಾನು ಬಿಡದೆ ಉಳಿಸಿಕೊಂಡಳು, ಅದಕ್ಕೆ ಆದಾಯದ ಊರನ್ನೂ ಹೊಂದಿಸಿದಳು. ಬಸದಿ ಕಟ್ಟುವುದು ಒಂದು ಸಲದ ಖರ್ಚು. ದಿನವೂ ದೀಪ ಉರಿಯಬೇಕು, ಅನ್ನ ಬೇಯಬೇಕು ಎಂದರೆ ನೂರಾರು ವರ್ಷ ನಡೆಯುವ ವ್ಯವಸ್ಥೆ ಬೇಕು. ಶಾಂತಲೆ ಏನು ಮಾಡುತ್ತಿದ್ದಳು ಎಂದರೆ ಇದನ್ನು ಮಾಡುತ್ತಿದ್ದಳು.

ಆ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಅದು ಶಾಂತಲೆಯ ಬಿರುದಿನಿಂದ ಬಂದ ಹೆಸರು. ಗಂಧವಾರಣ ಎಂದರೆ ಮದವೇರಿದ ಆನೆ. ಕಾಫಿ ತೋಟದಲ್ಲಿ ಆನೆ ಹಿಂಡು ನಿಂತಿದೆ ಎಂದು ಶಾಲೆಗೆ ತಡವಾಗಿ ಬರುವ ನಮ್ಮ ಮಕ್ಕಳಿಗೆ ಮದದಾನೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಮದವೇರಿದ ಆನೆಯ ವಾಸನೆಗೇ ಬೇರೆ ಆನೆಗಳು ದೂರ ಸರಿಯುತ್ತವೆ. ಸವತಿಯರ ಪಾಲಿಗೆ ಶಾಂತಲೆ ಅಂಥವಳು ಎಂಬುದು ಬಿರುದಿನ ಅರ್ಥ. ಇದನ್ನು ಹೆಮ್ಮೆಯಿಂದಲೇ ಕೆತ್ತಿಸಿದ್ದಾರೆ. ಆದರೆ ಈ ಒಂದು ಬಿರುದಿನಲ್ಲಿ ಅರಮನೆಯ ಬಾಳು ಹೇಗಿತ್ತೆಂಬುದೂ ಇದೆ. ವಿಷ್ಣುವರ್ಧನನಿಗೆ ಲಕ್ಷ್ಮೀದೇವಿ, ಬಮ್ಮಲದೇವಿ, ರಾಜಲದೇವಿ ಮೊದಲಾದ ರಾಣಿಯರಿದ್ದರು. ಅವನ ನಂತರ ಪಟ್ಟಕ್ಕೆ ಬಂದ ಒಂದನೆಯ ನರಸಿಂಹ ಲಕ್ಷ್ಮೀದೇವಿಯ ಮಗ. ಪಟ್ಟಮಹಾದೇವಿಯ ಸ್ಥಾನವೂ ಕಾದುಕೊಳ್ಳಬೇಕಾದ ಸ್ಥಾನವೇ ಆಗಿತ್ತು.

1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಶಿವಗಂಗೆಗೆ ಹೋದವರಿಗೆ ಒಂದು ಕಡಿದಾದ ಬಂಡೆ ತೋರಿಸಿ, ಮಕ್ಕಳಿಲ್ಲದ ಕೊರಗಿನಿಂದ ಶಾಂತಲೆ ಇಲ್ಲಿಂದ ಹಾರಿದಳು ಎಂದು ಹೇಳುತ್ತಾರೆ. ಶ್ರವಣಬೆಳಗೊಳದ ಶಾಸನದಲ್ಲಿ ಹಾಗಿಲ್ಲ. ಶಿವಗಂಗೆಯ ತೀರ್ಥದಲ್ಲಿ ಅವಳು ಸ್ವರ್ಗಸ್ಥಳಾದಳು ಎಂದಷ್ಟೇ ಇದೆ. ಅದೇ ಶಾಸನ ಅವಳ ತಾಯಿಯ ವಿಚಾರವನ್ನು ಮಾತ್ರ ವಿವರವಾಗಿ ಹೇಳುತ್ತದೆ. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ಒಂದು ತಿಂಗಳು ಉಪವಾಸವಿದ್ದು, ಸಲ್ಲೇಖನದಿಂದ ದೇಹ ಬಿಟ್ಟಳು. ಶಾಂತಲೆಯ ಬಗ್ಗೆ ಕೆ.ವಿ. ಅಯ್ಯರ್, ಸಿ.ಕೆ. ನಾಗರಾಜರಾವ್ ಬರೆದ ಕಾದಂಬರಿಗಳನ್ನು ನಾನು ಇಷ್ಟಪಟ್ಟು ಓದಿದ್ದೇನೆ, ಮಕ್ಕಳಿಗೂ ಓದಲು ಹೇಳುತ್ತೇನೆ. ಆದರೆ ಕಾದಂಬರಿ ಯಾವುದು, ಐತಿಹ್ಯ ಯಾವುದು, ಶಾಸನ ಯಾವುದು ಎಂಬ ಭೇದ ನಮಗೆ ತಿಳಿದಿರಬೇಕು. ಊರು ಕೊಟ್ಟು ಬಸದಿ ಕಟ್ಟಿಸಿದ ಹೆಂಗಸನ್ನು ಮಕ್ಕಳಿಲ್ಲವೆಂದು ಹಾರಿ ಸತ್ತವಳು ಎಂದು ಮಾತ್ರ ನೆನೆಯುವುದು ಅವಳಿಗೆ ಮಾಡುವ ನ್ಯಾಯವಲ್ಲ.

ದಂಡನಾಯಕಿತಿಯರು, ಮಂತ್ರಿಯ ಮಡದಿಯರು

ರಾಣಿಯರ ನಂತರದ ಸಾಲಿನಲ್ಲಿ ಬರುವವರು ಅಧಿಕಾರಿಗಳ ಮನೆಯ ಹೆಂಗಸರು. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜ ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟವನು. ಅವನ ತಾಯಿ ಪೋಚಿಕಬ್ಬೆಗಾಗಿ ಕಟ್ಟಿದ್ದು ಚಿಕ್ಕಬೆಟ್ಟದ ಕತ್ತಲೆ ಬಸದಿ. ಅವನ ಮಡದಿ ಲಕ್ಕಲೆ, ಅಂದರೆ ಲಕ್ಷ್ಮಿ, ತಾನೇ ಎರಡುಕಟ್ಟೆ ಬಸದಿ ಕಟ್ಟಿಸಿದಳು. ಅವಳು 1121ರಲ್ಲಿ ಸಲ್ಲೇಖನದಿಂದ ತೀರಿಕೊಂಡಾಗ ಗಂಡನೇ ಅವಳ ನೆನಪಿಗೆ ಶಾಸನ ನಿಲ್ಲಿಸಿದನು. ಯುದ್ಧ ಗೆದ್ದ ಸೇನಾನಿ ಮಡದಿಗಾಗಿ ಕಲ್ಲು ನಿಲ್ಲಿಸಿದ್ದು ಆ ಮನೆಯಲ್ಲಿ ಅವಳಿಗಿದ್ದ ಸ್ಥಾನವನ್ನು ತೋರಿಸುತ್ತದೆ.

ವಿಷ್ಣುವರ್ಧನನ ಮಗಳು ಹರಿಯಬ್ಬರಸಿ 1130ರ ಸುಮಾರಿಗೆ ಹಂತಿಯೂರಿನಲ್ಲಿ ಎತ್ತರದ ಗೋಪುರಗಳ ಬಸದಿ ಕಟ್ಟಿಸಿ ಭೂಮಿ ಬಿಟ್ಟಳು. ಹಂತಿಯೂರು ಎಂದರೆ ಮೂಡಿಗೆರೆ ತಾಲ್ಲೂಕಿನ ಹಂತೂರು. ನಮ್ಮ ಮಲೆನಾಡಿನ ಈ ಸೆರಗಿನಲ್ಲೂ ಅರಸುಮಗಳ ಹೆಸರು ಹೀಗೆ ಉಳಿದಿದೆ.

ಹಾಸನದಿಂದ ಬೇಲೂರಿಗೆ ಬರುವಾಗ ಸಿಗುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ನಾಲ್ಕು ಗರ್ಭಗುಡಿಗಳಿವೆ. ಅದು ಬೇಲೂರಿನ ಗುಡಿಗಿಂತಲೂ ಹಳೆಯದು, 1113ರ ಹೊತ್ತಿನದು. ಅದನ್ನು ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಮಡದಿ ಸಹಜಾದೇವಿ. ಇಲ್ಲಿ ಅರಮನೆಯಿಲ್ಲ, ದಂಡಿಲ್ಲ. ವ್ಯಾಪಾರದ ಹಣ, ಹೆಂಗಸಿನ ಹೆಸರು ಮತ್ತು ಹೆಣ್ಣು ದೇವತೆಯ ಗುಡಿ ಇವೆ.

ಈ ಎಲ್ಲರಲ್ಲಿ ನನಗೆ ಬಹಳ ಹಿಡಿಸಿದವಳು ಆಚಿಯಕ್ಕ. ಇವಳು ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಮಡದಿ. ಚಂದ್ರಮೌಳಿ ಶೈವ ಬ್ರಾಹ್ಮಣ, ಆಚಿಯಕ್ಕ ಜೈನಳು. ಅವಳು 1181ರಲ್ಲಿ ಶ್ರವಣಬೆಳಗೊಳದ ಊರೊಳಗೆ ಪಾರ್ಶ್ವನಾಥನ ಬಸದಿ ಕಟ್ಟಿಸಿದಳು. ಹೊಳಪಿನ ಕಂಬಗಳ ಅಪ್ಪಟ ಹೊಯ್ಸಳ ಶೈಲಿಯ ಕಟ್ಟಡ ಅದು. ಅದಕ್ಕೆ ಬೊಮ್ಮೇನಹಳ್ಳಿಯನ್ನು ದತ್ತಿ ಬಿಡಬೇಕೆಂದು ಅರಸನಲ್ಲಿ ಕೇಳಿ ಕೊಡಿಸಿದವನು ಅವಳ ಗಂಡ, ಆ ಶಿವಭಕ್ತ ಮಂತ್ರಿ. ಆ ಬಸದಿಗೆ ದೊಡ್ಡ ಹೆಸರೇನೂ ಇಲ್ಲ, ಜನ ಅಕ್ಕನ ಬಸದಿ ಎಂದೇ ಕರೆಯುತ್ತಾರೆ. ಮನೆಯಲ್ಲಿ ಎರಡು ಧರ್ಮ ಒಟ್ಟಿಗೆ ಬಾಳಿದ ಬಗೆಯನ್ನು ತಿಳಿಯಲು ಬೇರೆ ಪಾಠ ಬೇಕಾಗಿಲ್ಲ.

ಆಳಿದವರೂ ಉಂಟು

ದಾನ ಕೊಡುವುದು ಸರಿ, ಆಡಳಿತ ಮಾಡಿದರೇ ಎಂದು ಕೇಳಬಹುದು. ಇಮ್ಮಡಿ ಬಲ್ಲಾಳ ಉತ್ತರದಲ್ಲಿ ಬಹುಕಾಲ ದಂಡಯಾತ್ರೆಯಲ್ಲಿದ್ದಾಗ ದೋರಸಮುದ್ರದ ಆಡಳಿತ ನೋಡಿಕೊಂಡವಳು ಅವನ ರಾಣಿ ಉಮಾದೇವಿ. ತಿರುಗಿಬಿದ್ದ ಸಾಮಂತರನ್ನು ಅವಳು ಬಗ್ಗುಬಡಿದಳು. ಅದೇ ಅರಸನ ಇನ್ನೊಬ್ಬ ರಾಣಿ ಅಭಿನವ ಕೇತಲದೇವಿಯ ಹೆಸರು ಹಳೇಬೀಡಿನ ಕೇದಾರೇಶ್ವರ ಗುಡಿಯ ಜೊತೆ ಸೇರಿಕೊಂಡಿದೆ. ಅರಸೀಕೆರೆಯ ಹೆಸರನ್ನೇ ನೋಡಿ: ಅರಸಿಯ ಕೆರೆ. ಗುಡಿಯಿಂದ ಪುಣ್ಯ ಬರುವುದಾದರೆ, ಬಯಲುಸೀಮೆಯಲ್ಲಿ ಕೆರೆಯಿಂದ ಊರೇ ಬದುಕುತ್ತದೆ. ರೈಲು ನಿಲ್ದಾಣದಲ್ಲಿ ದಿನವೂ ಕೂಗುವ ಆ ಹೆಸರಿನೊಳಗೆ ಒಬ್ಬ ಹೆಂಗಸು ಇದ್ದಾಳೆ.

ಹೊಯ್ಸಳರಿಗಿಂತ ಮುಂಚೆಯೂ ಕನ್ನಡ ನಾಡಿನಲ್ಲಿ ಇಂಥವರಿದ್ದರು. 911ರಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ಸತ್ತಾಗ ಆ ಹುದ್ದೆಯನ್ನು ಮಡದಿ ಜಕ್ಕಿಯಬ್ಬೆಗೆ ಕೊಟ್ಟರು, ಅವಳು ಸಮರ್ಥಳಾಗಿ ನಡೆಸಿದಳು. ಚಾಲುಕ್ಯರ ಅಕ್ಕಾದೇವಿ 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದಳು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಸಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಓಲೆಗರಿ ಪುಸ್ತಕವೆಂದರೆ ಎಷ್ಟು ಜನ ಲಿಪಿಕಾರರ ದುಡಿಮೆ ಎಂದು ಲೆಕ್ಕ ಹಾಕಿ ನೋಡಿ.

ಇದೇ ಹೊತ್ತಿಗೆ ದೂರದ ಸ್ಪೇನಿನಲ್ಲಿ ಏನಾಗುತ್ತಿತ್ತು? ಶಾಂತಲೆಯ ಸಮಕಾಲೀನಳಾಗಿ ಅಲ್ಲಿ ಲೆಯೋನ್ ಮತ್ತು ಕಾಸ್ಟೀಲ್ ರಾಜ್ಯಗಳನ್ನು ಉರ್ರಾಕಾ ಎಂಬ ರಾಣಿ 1109ರಿಂದ 1126ರವರೆಗೆ ತನ್ನದೇ ಹಕ್ಕಿನಿಂದ ಆಳಿದಳು. ತಂದೆಗೆ ಗಂಡುಮಗ ಉಳಿದಿರಲಿಲ್ಲ. ಅವಳ ಎರಡನೆಯ ಗಂಡ, ಆರಗಾನಿನ ದೊರೆ, ರಾಜ್ಯ ತನ್ನದೆನ್ನಲು ಹೊರಟಾಗ ಅವನ ಮೇಲೆಯೇ ದಂಡೆತ್ತಿದಳು. ಅದೇ ನಾಡಿನ ಬೆರೆಂಗೇಲಾ 1217ರಲ್ಲಿ ಪಟ್ಟ ತನಗೆ ಬಂದಾಗ ಅದನ್ನು ಮಗ ಫೆರ್ನಾಂಡೋಗೆ ಬಿಟ್ಟುಕೊಟ್ಟು, ಅವನ ಬೆನ್ನಿಗೆ ನಿಂತು ರಾಜ್ಯ ನಡೆಸಿದಳು. ನಮ್ಮ ಪಠ್ಯದಲ್ಲಿ ಕೊಲಂಬಸನ ಜೊತೆ ಬರುವ ಇಸಬೆಲ್ಲಾ ಇವರಿಗಿಂತ ಎಷ್ಟೋ ಈಚಿನವಳು. ಹೊಯ್ಸಳರಲ್ಲಿ ಉರ್ರಾಕಾಳಂತೆ ದೋರಸಮುದ್ರದ ಪಟ್ಟವೇರಿದ ಹೆಂಗಸು ಇಲ್ಲ. ಆದರೆ ಘಟ್ಟದ ಕೆಳಗೆ ಬಾರಕೂರಿನಲ್ಲಿ ಆಳುಪರ ಬಲ್ಲಮಹಾದೇವಿ ಹದಿಮೂರನೆಯ ಶತಮಾನದಲ್ಲಿ ಸ್ವತಃ ಆಳಿದಳು. ಮುಂದೆ ಮುಮ್ಮಡಿ ಬಲ್ಲಾಳನ ರಾಣಿ ಚಿಕ್ಕಾಯಿತಾಯಿಯೂ ಅಲ್ಲಿಯೇ ಆಡಳಿತ ನಡೆಸಿದಳು. ಎರಡು ನಾಡುಗಳಲ್ಲೂ ಹೆಣ್ಣಿನ ಅಧಿಕಾರ ತಂದೆ, ಗಂಡ, ಮಗ ಎಂಬ ಬಾಗಿಲುಗಳಿಂದಲೇ ಬರಬೇಕಿತ್ತು. ಬಂದ ಮೇಲೆ ಅದನ್ನು ಹೇಗೆ ಬಳಸಿದರು ಎಂಬುದು ಅವರವರ ಶಕ್ತಿಗೆ ಬಿಟ್ಟದ್ದಾಗಿತ್ತು.

ಬೆಲೆ ತೆತ್ತವರು

ಈ ಕಥೆಯನ್ನು ಬರೀ ವೈಭವವೆಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ದಕ್ಷಿಣಕ್ಕೆ ಒಂದು ಗರುಡಗಂಬವಿದೆ. ಅದರ ಮೇಲೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರನ್ನು ಕೆತ್ತಿದ್ದಾರೆ. ಅರಸನೊಡನೆ ಬದುಕು, ಅರಸನೊಡನೆ ಸಾವು ಎಂದು ಭಾಷೆ ಕೊಟ್ಟವರಿಗೆ ಗರುಡರು ಎಂದು ಹೆಸರು. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಹೀಗೆ ಪ್ರಾಣ ಕೊಟ್ಟನು. ಅವನೊಡನೆ ಅವನ ಮಡದಿ ಸುಗ್ಗಲದೇವಿಯೂ, ಸಾವಿರ ವೀರರೂ ಸತ್ತರು. ಆ ಕಾಲದ ಕಣ್ಣಿಗೆ ಅದು ಕೀರ್ತಿ. ಇಂದು ಆ ಕಂಬದ ಮುಂದೆ ನಿಲ್ಲುವ ಮಕ್ಕಳಿಗೆ ನಾನು ಕೇಳುವುದು ಇಷ್ಟೆ: ಭಾಷೆ ಕೊಟ್ಟವನು ಲಕ್ಷ್ಮ, ಸುಗ್ಗಲದೇವಿಯನ್ನು ಯಾರಾದರೂ ಕೇಳಿದ್ದರೇ? ದಂಡನಾಯಕನ ಮಡದಿಯಾಗಿದ್ದದ್ದು ಅವಳನ್ನು ಉಳಿಸಲಿಲ್ಲ. ಇನ್ನು ಗುಡಿಗೆ ಕಲ್ಲು ಹೊತ್ತ, ಬಸದಿಯ ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸರ ಹೆಸರು ಯಾವ ಶಾಸನದಲ್ಲೂ ಇಲ್ಲ. ದತ್ತಿ ಬಿಟ್ಟ ಊರಿನ ಭತ್ತ ಬೆಳೆದದ್ದು ಅವರ ಕೈಯಿಂದ.

ನಮ್ಮ ಪಾಲಿನ ಕೆಲಸ

ವಿದ್ಯಾರ್ಥಿ ಮಿತ್ರರೇ, ಶಾಂತಲೆ, ಲಕ್ಕಲೆ, ಆಚಿಯಕ್ಕ ಇವರು ನಮಗೆ ಗೊತ್ತಾಗಿರುವುದು ಒಂದೇ ಕಾರಣದಿಂದ. ಅವರ ಹೆಸರು ದಾಖಲೆಯಲ್ಲಿದೆ. ಅದರ ಜೊತೆಗೆ ಒಂದು ಊರೋ ಒಂದು ಗದ್ದೆಯೋ ಇದೆ. ಮನೆಗೆ ಹೋದಾಗ ನಿಮ್ಮ ಜಮೀನಿನ ಪಹಣಿ ತೆಗೆದು ನೋಡಿ. ಅದರಲ್ಲಿ ಅಮ್ಮನ ಹೆಸರಿದೆಯೇ, ಅಜ್ಜಿಯ ಹೆಸರಿದೆಯೇ? 2005ರ ಕಾನೂನು ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಗಂಡುಮಗನಷ್ಟೇ ಹಕ್ಕಿದೆ. ಆದರೂ ತವರಿಗೆ ಕೆಟ್ಟವಳಾಗಬಾರದೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬರುವ ಅಕ್ಕತಂಗಿಯರನ್ನು ನಾನು ನಮ್ಮ ಸುತ್ತಮುತ್ತಲೇ ಕಾಣುತ್ತಿದ್ದೇನೆ. ಒಂಬೈನೂರು ವರ್ಷಗಳ ಹಿಂದೆ ಮೊಟ್ಟೆನವಿಲೆಯನ್ನು ಧಾರೆಯೆರೆದ ಕೈಯೂ ಹೆಣ್ಣಿನದೇ ಎಂಬುದನ್ನು ಆಗ ನೆನೆಯಬೇಕು.

ಇನ್ನೊಂದು ಕೆಲಸವಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳನ್ನು ನೋಡಿಕೊಳ್ಳಲು ಇಲಾಖೆಯಿದೆ. ಹಳ್ಳಿಯ ಕೆರೆ ಏರಿ, ತೋಟದ ಬದು, ಪಾಳು ಗುಡಿಯ ಹಿಂದೆ ಬಿದ್ದಿರುವ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳಿಗೆ ಅಂಥ ಕಾವಲಿಲ್ಲ. ಅಂಥ ಕಲ್ಲು ಕಂಡರೆ ಬಟ್ಟೆ ಒಗೆಯಲು, ಪಾಯಕ್ಕೆ ಹಾಕಲು ಬಿಡಬೇಡಿ. ಬಣ್ಣ ಬಳಿಯಬೇಡಿ, ಸುಣ್ಣ ಹಚ್ಚಬೇಡಿ. ನೀರಿನಿಂದ ಮೆಲ್ಲಗೆ ತೊಳೆದು, ಫೋಟೋ ತೆಗೆದು, ಊರು ಮತ್ತು ಜಾಗ ಬರೆದು ನಿಮ್ಮ ಮೇಷ್ಟ್ರಿಗೆ ತಂದು ತೋರಿಸಿ. ಪುರಾತತ್ವ ಇಲಾಖೆಗೆ ತಿಳಿಸುವುದು ನಮ್ಮ ಜವಾಬ್ದಾರಿ.

ಐವತ್ತು ವರ್ಷಗಳಲ್ಲಿ ಈ ಶಾಲೆಯ ಹಾಜರಿ ಪುಸ್ತಕಗಳಲ್ಲಿ ಸಾವಿರಾರು ಹೆಣ್ಣುಮಕ್ಕಳ ಹೆಸರು ಬರೆಯಲ್ಪಟ್ಟಿವೆ. ಕೂಲಿಲೈನಿನ ಮನೆಗಳಿಂದ, ಗದ್ದೆ ಮನೆಗಳಿಂದ, ಆನೆ ಭಯದ ದಾರಿಯಲ್ಲಿ ನಡೆದು ಬಂದವರ ಹೆಸರುಗಳವು. ಅವು ಹಾಜರಿ ಪುಸ್ತಕದಲ್ಲೇ ನಿಲ್ಲದೆ ಅಂಕಪಟ್ಟಿ, ಪದವಿ, ಪಹಣಿ, ನೇಮಕಾತಿ ಆದೇಶಗಳವರೆಗೆ ಸಾಗಲಿ ಎಂದು ಹಾರೈಸುತ್ತೇನೆ.